ಜಾಗ ಬೇಕಾದಷ್ಟಿದೆ, ಮೇಲ್ ಮಾತ್ರ ಹೋಗ್ತಿಲ್ಲ

ಮಾರ್ಚ್ ಕೊನೆಯ ವಾರ. ಕಲಬುರಗಿಯ ಬಿಸಿಲು ಗೊತ್ತಲ್ಲ, ಸಂಜೆ ಐದಾದರೂ ತಗಡಿನ ಕೆಳಗೆ ಕೂರೋಕಾಗಲ್ಲ. ಗಂಜ್ ಹತ್ತಿರದ ಒಂದು ದಾಲ್ ಮಿಲ್ಲಿನಿಂದ ಫೋನ್ ಬಂತು. "ಮೇಲ್ ಹೋಗವಲ್ದು ನೋಡ್ರಿ. ಮುಂಜಾನೆ ಎಲ್ಲಾ ಬರೋಬರಿ ಇತ್ತು" ಅಂದರು ಸಾವ್ಕಾರರು. ನಾನು ಆ ಕಡೆಯ ಏಳೆಂಟು ಅಂಗಡಿ, ಮಿಲ್ಲುಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಇಂಥ ಫೋನ್ ಬಂದಾಗ ಮೊದಲು ನೋಡುವುದು ಮೇಲ್‌ಬಾಕ್ಸ್ ತುಂಬಿದೆಯಾ ಅಂತ. ತುಂಬಿರಲಿಲ್ಲ. 10 ಜಿಬಿಯಲ್ಲಿ 2 ಜಿಬಿ ಕೂಡ ಖರ್ಚಾಗಿರಲಿಲ್ಲ.

ಆದದ್ದು ಇಷ್ಟು. ವರ್ಷದ ಲೆಕ್ಕ ಮುಗಿಸುವಾಗ ಪಾರ್ಟಿಗಳಿಗೆಲ್ಲ "ನಿಮ್ಮ ಖಾತೆಯಲ್ಲಿ ಇಷ್ಟು ಬಾಕಿ ಇದೆ, ಸರಿ ಇದೆಯಾ ತಿಳಿಸಿ" ಅಂತ ಒಂದು ಪತ್ರ ಹೋಗಬೇಕು. ಮುನೀಮರು ಟ್ಯಾಲಿಯಿಂದ ಒಂದೇ ಏಟಿಗೆ 380 ಪಾರ್ಟಿಗಳಿಗೆ ಕಳಿಸಲು ಒತ್ತಿದ್ದಾರೆ. ಮೊದಲ ನೂರು ಹೋಗಿವೆ. ಉಳಿದವು ಸಾಲಾಗಿ ವಾಪಸ್. ವಾಪಸ್ ಬಂದ ಪ್ರತಿಯೊಂದರಲ್ಲೂ ಇಂಗ್ಲಿಷಿನಲ್ಲಿ ಅದೇ ಒಂದು ಸಾಲು: ಈ ಡೊಮೇನ್ (ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ಒಂದು ತಾಸಿಗೆ ಕಳಿಸಬಹುದಾದ ಮೇಲ್‌ಗಳ ಮಿತಿ ದಾಟಿದೆ.

"10 ಜಿಬಿ ಅಂತ ಹೇಳಿ ರೊಕ್ಕ ತಗೊಂಡಾರಲ್ರೀ ಮತ್ತ?"

ಹೌದು, ತಗೊಂಡಿದ್ದಾರೆ. ಅದೇನು ಸುಳ್ಳಲ್ಲ. ಆದರೆ ಅಗ್ಗದ ಮೇಲ್ ಪ್ಲಾನ್‌ಗಳಲ್ಲಿ ದಪ್ಪ ಅಕ್ಷರದಲ್ಲಿ ಇರುವ ಅಂಕಿ ಒಂದು, ನಮ್ಮನ್ನು ತಡೆದು ನಿಲ್ಲಿಸುವ ಅಂಕಿ ಇನ್ನೊಂದು. ಎರಡನೆಯದನ್ನು ಹುಡುಕಿಕೊಂಡು ಹೋಗಬೇಕು.

ಸಾವ್ಕಾರರಿಗೆ ನಾನು ಹೇಳಿದ್ದು ಅವರ ಮಿಲ್ಲಿನ ಲೆಕ್ಕದಲ್ಲೇ. ಗೋದಾಮಿನಲ್ಲಿ ಎಷ್ಟು ಚೀಲ ಹಿಡಿಯುತ್ತದೆ ಅನ್ನೋದು ಬೇರೆ. ಗೇಟಿನಿಂದ ತಾಸಿಗೆ ಎಷ್ಟು ಲಾರಿ ಹೊರಗೆ ಬಿಡ್ತಾರೆ ಅನ್ನೋದು ಬೇರೆ. ಜಿಬಿ ಅಂದರೆ ಗೋದಾಮು. ನಿಮಗೆ ತಡೆ ಬಿದ್ದದ್ದು ಗೇಟಿನಲ್ಲಿ.

ಮೇಲ್ ಹೋಸ್ಟಿಂಗ್ ಅಂದರೇನು ಅಂತ ಬೇಗ ಹೇಳಿಬಿಡ್ತೀನಿ. ಅಂಗಡಿಯ ಹೆಸರಲ್ಲಿ ಒಂದು ಡೊಮೇನ್ ಕೊಳ್ತೀರಿ. ಆ ಹೆಸರಿಗೆ ಬರುವ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಡೊಮೇನ್ ಸೆಟ್ಟಿಂಗ್‌ನಲ್ಲಿ ಒಂದು ಸಾಲು ಬರೆದಿರ್ತಾರೆ, ಅದಕ್ಕೆ ಎಂಎಕ್ಸ್ ರೆಕಾರ್ಡ್ ಅನ್ನುತ್ತಾರೆ. ಆ ಸರ್ವರ್‌ನಲ್ಲಿ ನಿಮಗೊಂದು ಜಾಗ ಬಾಡಿಗೆಗೆ. ಅಷ್ಟೇ. ಬಾಡಿಗೆ ಕಡಿಮೆ ಇದ್ದರೆ ಅದೇ ಸರ್ವರ್‌ನಲ್ಲಿ ನಿಮ್ಮ ಜೊತೆ ನೂರಾರು ಬಾಡಿಗೆದಾರರು ಇರುತ್ತಾರೆ. ಅವರು ಯಾರು ಅಂತ ನಿಮಗೆ ಗೊತ್ತಿರಲ್ಲ, ನೀವು ಯಾರು ಅಂತ ಅವರಿಗೂ ಗೊತ್ತಿರಲ್ಲ.

ಮಿತಿಯ ಮೂಲ ಇರೋದೇ ಇಲ್ಲಿ. ಆ ನೂರಾರು ಜನರ ಮೇಲ್ ಹೊರಗೆ ಹೋಗುವುದು ಸಾಮಾನ್ಯವಾಗಿ ಒಂದೇ ಐಪಿ ವಿಳಾಸದಿಂದ, ಅಂದರೆ ಒಂದೇ ಗೇಟಿನಿಂದ. ಅವರಲ್ಲಿ ಒಬ್ಬರು ಪಾಸ್‌ವರ್ಡನ್ನು 12345 ಅಂತ ಇಟ್ಟಿದ್ದಾರೆ ಅಂದುಕೊಳ್ಳಿ. ಯಾರೋ ಅದನ್ನು ಊಹಿಸಿ ಒಳಗೆ ಬರ್ತಾರೆ, ಒಂದು ರಾತ್ರಿಯಲ್ಲಿ ಸಾವಿರಾರು ಲಾಟರಿ ಮೇಲ್ ಕಳಿಸ್ತಾರೆ. ಬೆಳಗಾಗುವಷ್ಟರಲ್ಲಿ ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳು ಇಟ್ಟುಕೊಂಡಿರುವ ಕಪ್ಪುಪಟ್ಟಿಗೆ ಆ ಐಪಿ ಸೇರಿರುತ್ತದೆ. ಒಂದು ಗೇಟಿನಿಂದ ಕೆಟ್ಟ ಮಾಲು ಬಂತು ಅಂತ ಗೊತ್ತಾದ ಮೇಲೆ ಚೆಕ್‌ಪೋಸ್ಟಿನವರು ಆ ಗೇಟಿನ ಎಲ್ಲ ಲಾರಿಗಳನ್ನೂ ನಿಲ್ಲಿಸುತ್ತಾರಲ್ಲ, ಹಾಗೆ. ನಿಮ್ಮ ಕೊಟೇಶನ್ ಕೂಡ ಸ್ಪ್ಯಾಮ್‌ಗೆ ಬೀಳುತ್ತದೆ, ಇಲ್ಲವೇ ವಾಪಸ್ ಬರುತ್ತದೆ. ತಪ್ಪು ಮಾತ್ರ ನಿಮ್ಮದಲ್ಲ.

ಅದಕ್ಕೇ ಹೋಸ್ಟಿಂಗ್‌ನವರು ತಾಸಿಗೆ ಇಷ್ಟು ಅಂತ ಕಟ್ಟುನಿಟ್ಟು ಮಾಡುತ್ತಾರೆ. ಆ ಮಿತಿ ನಿಮಗೆ ಕಿರಿಕಿರಿ, ಆದರೆ ಅದೇ ಮಿತಿ ನಿಮ್ಮನ್ನು ಪಕ್ಕದ ಬಾಡಿಗೆದಾರನ 12345ರಿಂದ ಕಾಯ್ತಿದೆ. ತಾಸಿಗೆ 100ರ ಮಿತಿ ಇದ್ದರೆ ಕಳ್ಳನಿಗೂ ಅಷ್ಟೇ ಸಿಗೋದು.

ಈ ಮಿತಿಯನ್ನು ಎಣಿಸುವ ರೀತಿ ಮಾತ್ರ ಒಬ್ಬೊಬ್ಬರದು ಒಂದೊಂದು ತರಹ. ಅಗ್ಗದ ವೆಬ್ ಹೋಸ್ಟಿಂಗ್ ಜೊತೆ ಬರುವ ಮೇಲ್‌ನಲ್ಲಿ ಸಾಮಾನ್ಯವಾಗಿ ತಾಸಿನ ಲೆಕ್ಕ, ಅದೂ ಇಡೀ ಡೊಮೇನಿಗೆ ಸೇರಿ. ಅಂದರೆ ಮುನೀಮರು ನೂರು ಕಳಿಸಿದರೆ ಸಾವ್ಕಾರರ ಮೇಲ್ ಕೂಡ ನಿಲ್ಲುತ್ತದೆ. ಜಿಮೇಲ್‌ನದು ದಿನದ ಲೆಕ್ಕ. ಉಚಿತ ಖಾತೆಗೆ ದಿನಕ್ಕೆ 500, ದುಡ್ಡು ಕೊಡುವ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಒಬ್ಬರಿಗೆ ದಿನಕ್ಕೆ 2,000. ಇದರಲ್ಲಿ 'ದಿನ' ಅಂದರೆ ರಾತ್ರಿ 12ರಿಂದ 12ರವರೆಗೆ ಅಲ್ಲ, ಹಿಂದಿನ 24 ತಾಸು. ಸಂಜೆ ಆರಕ್ಕೆ ಮಿತಿ ಮುಟ್ಟಿದವರು ಮಧ್ಯರಾತ್ರಿ ತನಕ ಎದ್ದು ಕೂತರೆ ಸುಮ್ನೆ ನಿದ್ದೆ ಹಾಳು. ಇನ್ನೊಂದು, ಒಂದು ಮೇಲ್‌ಗೆ 50 ಜನರನ್ನು ಸೇರಿಸಿ ಕಳಿಸಿದರೆ ಅದು ಒಂದಾ, 50ಆ? ಬಹಳ ಕಡೆ 50. "ನಾ ಕಳಿಸಿದ್ದು ಎರಡೇ ಮೇಲ್ ರೀ" ಅನ್ನುವ ವಾದ ನಡೆಯಲ್ಲ.

ಗೇಟಿನ ಮಾತು ಬಂದಾಗ ಇನ್ನೊಂದು ವಿಷಯ ಹೇಳಲೇಬೇಕು. ನಿಮ್ಮ ಗೇಟು ದಾಟಿದ ಲಾರಿ ಆ ಕಡೆಯ ಗೇಟಿನಲ್ಲೂ ಪಾಸಾಗಬೇಕಲ್ಲ. ಮೇಲ್ ಕಳಿಸುವ ಎಸ್‌ಎಂಟಿಪಿ ಪದ್ಧತಿ 1982ರದ್ದು. ಆಗ ಇಂಟರ್ನೆಟ್ ಅಂದರೆ ಒಬ್ಬರಿಗೊಬ್ಬರು ಪರಿಚಯ ಇರುವ ಸಣ್ಣ ಊರಿನ ಹಾಗೆ. ಯಾರ ಹೆಸರಲ್ಲಿ ಯಾರು ಬೇಕಾದರೂ ಮೇಲ್ ಕಳಿಸಬಹುದಿತ್ತು, ಕೇಳುವವರಿಲ್ಲ. ಆಮೇಲೆ ಒಂದೊಂದಾಗಿ ಮೂರು ಬೀಗ ಹಾಕಿದರು. ಎಸ್‌ಪಿಎಫ್ ಅಂದರೆ "ನನ್ನ ಮಾಲು ತರುವ ಲಾರಿಗಳ ನಂಬರ್ ಇವು" ಅಂತ ಹೊರಗೆ ಬೋರ್ಡಿನಲ್ಲಿ ಬರೆದು ಹಾಕಿದ ಹಾಗೆ. ಡಿಕಿಮ್ ಅಂದರೆ ಚೀಲದ ಬಾಯಿಗೆ ಒತ್ತಿದ ಮುದ್ರೆ, ದಾರಿಯಲ್ಲಿ ಬಿಚ್ಚಿದರೆ ಗೊತ್ತಾಗುತ್ತದೆ. ಡಿಮಾರ್ಕ್ ಅಂದರೆ ನಂಬರೂ ಸರಿಯಿಲ್ಲ, ಮುದ್ರೆಯೂ ಸರಿಯಿಲ್ಲ ಅಂದರೆ ಆ ಮಾಲನ್ನು ಏನು ಮಾಡಬೇಕು ಅಂತ ನೀವೇ ಬರೆದುಕೊಟ್ಟ ಚೀಟಿ.

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇದನ್ನು ಬಿಗಿ ಮಾಡಿದವು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಮೂರೂ ಬೇಕು. ಕಡಿಮೆ ಕಳಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್‌ನಲ್ಲಿ ಒಂದಾದರೂ ಬೇಕು. ನಮ್ಮ ಗಂಜ್‌ನಲ್ಲಿ ದಿನಕ್ಕೆ 5,000 ಕಳಿಸುವವರು ಯಾರೂ ಇಲ್ಲ ಬಿಡಿ. ಆದರೂ ನಾನು ಮೂರೂ ಹಾಕಿಸ್ತೀನಿ. ದುಡ್ಡು ಖರ್ಚಿಲ್ಲ, ಅರ್ಧ ತಾಸಿನ ಕೆಲಸ. ಪ್ಲಾನ್ ಕೊಳ್ಳುವ ಮೊದಲು ಕೇಳಬೇಕಾದ್ದು "ನನ್ನ ಡೊಮೇನಿಗೆ ಡಿಕಿಮ್ ಹಾಕೋಕೆ ಆಗುತ್ತಾ" ಅಂತ. ಆಗಲ್ಲ ಅಂದರೆ ಎಷ್ಟೇ ಅಗ್ಗವಾದರೂ ಬೇಡ.

ಇಲ್ಲೊಂದು ಹಳೇ ಗಾಯ ಇದೆ. ಒಬ್ಬರು ಹಳೆ ಹೋಸ್ಟಿಂಗ್ ಬಿಟ್ಟು ಹೊಸದಕ್ಕೆ ಬಂದರು. ಡೊಮೇನ್ ಸೆಟ್ಟಿಂಗ್‌ನಲ್ಲಿದ್ದ ಹಳೆಯ ಎಸ್‌ಪಿಎಫ್ ಸಾಲು ತೆಗೆಯದೆ ನಾನು ಹೊಸದನ್ನು ಕೆಳಗೆ ಸೇರಿಸಿಬಿಟ್ಟೆ. ಎರಡಿದ್ದರೆ ಒಳ್ಳೇದೇ ಅಲ್ವಾ ಅಂದುಕೊಂಡೆ. ಅಲ್ಲ. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಎರಡಿದ್ದರೆ ನೋಡುವವರು ಎರಡನ್ನೂ ಲೆಕ್ಕಕ್ಕೆ ಹಿಡಿಯಲ್ಲ, ತಪ್ಪು ಅಂತ ಬದಿಗೆ ಹಾಕ್ತಾರೆ. ಎರಡು ವಾರ ಅವರ ಬಿಲ್‌ಗಳು ಗಿರಾಕಿಗಳ ಸ್ಪ್ಯಾಮ್‌ನಲ್ಲಿ ಕೊಳೆತವು.

ಇನ್ನು ಅಟ್ಯಾಚ್‌ಮೆಂಟ್. ಬಹಳ ಕಡೆ 25 ಎಂಬಿ ಅಂತ ಬರೆದಿರುತ್ತದೆ, ಕೆಲವು ಕಡೆ 20, ಇನ್ನೂ ಕೆಲವು ಕಡೆ 10. ನೀವು 22 ಎಂಬಿ ಫೈಲ್ ಹಾಕಿದರೆ 25ರ ಮಿತಿಯಲ್ಲೂ ವಾಪಸ್ ಬರಬಹುದು. ಯಾಕೆ? ಮೇಲ್ ಅನ್ನೋದು ಮೊದಲಿಗೆ ಅಕ್ಷರ ಮಾತ್ರ ಸಾಗಿಸೋಕೆ ಮಾಡಿದ್ದು. ಫೋಟೋ, ಪಿಡಿಎಫ್ ಏನೇ ಇರಲಿ, ಅದನ್ನು ಅಕ್ಷರಗಳಾಗಿ ಬದಲಿಸಿ ಕಳಿಸಬೇಕು. ಈ ಬದಲಾವಣೆಯಲ್ಲಿ ಪ್ರತಿ 3 ಬೈಟ್‌ಗೆ 4 ಅಕ್ಷರ ಬೇಕಾಗುತ್ತದೆ. ಹಾಗಾಗಿ ಫೈಲಿನ ತೂಕ ಮೂರನೇ ಒಂದರಷ್ಟು ಏರುತ್ತದೆ. ಮಿಲ್ಲಿನವರಿಗೆ ಇದನ್ನು ಹೇಳೋದು ಸುಲಭ. ಒಂದು ಕ್ವಿಂಟಲ್ ತೊಗರಿ ಹಾಕಿದರೆ ಮುಕ್ಕಾಲು ಕ್ವಿಂಟಲ್‌ನ ಹತ್ತಿರ ಬೇಳೆ ಸಿಗುತ್ತದೆ, ಉಳಿದದ್ದು ಸಿಪ್ಪೆ, ನುಚ್ಚು. 25 ಎಂಬಿ ಮಿತಿ ಅಂದರೆ ಅದು ತೊಗರಿಯ ತೂಕ. ನಿಮ್ಮ ಫೈಲ್ ಬೇಳೆ. ಮುಕ್ಕಾಲು ಅಂದರೆ 18 ಎಂಬಿ ಚಿಲ್ಲರೆ. ಅಷ್ಟೇ ಹಾಕಿ. ಮೇಲಾಗಿ ನಿಮ್ಮ ಕಡೆ 25 ಇದ್ದು ಅವರ ಕಡೆ 10 ಇದ್ದರೆ, ನಡೆಯೋದು 10. ದೊಡ್ಡ ಫೈಲ್ ಇದ್ದರೆ ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕಳಿಸೋದೇ ನೆಮ್ಮದಿ.

ಈಗ ಗೋದಾಮಿಗೆ ಬರೋಣ. 5 ಜಿಬಿ ಸಾಕಾ? ದಿನಕ್ಕೆ 40 ಮೇಲ್ ಬರುತ್ತವೆ, ಒಂದೊಂದರಲ್ಲಿ 400 ಕೆಬಿಯ ಒಂದು ಬಿಲ್ಲೋ ತೂಕದ ಚೀಟಿಯೋ ಇದೆ ಅಂದುಕೊಳ್ಳಿ. ದಿನಕ್ಕೆ 16 ಎಂಬಿ. 5 ಜಿಬಿ ತುಂಬೋಕೆ 320 ದಿನ. ಒಂದು ವರ್ಷ ಕೂಡ ಇಲ್ಲ. ಕಳಿಸಿದ ಮೇಲ್‌ಗಳೂ ಇದೇ ಜಾಗದಲ್ಲೇ ಕೂರುತ್ತವೆ, ಅಳಿಸಿದವು ಟ್ರ್ಯಾಶ್ ಖಾಲಿ ಮಾಡುವ ತನಕ ಇಲ್ಲೇ ಇರುತ್ತವೆ. ಒಂದೇ ಮೇಲ್ ಅನ್ನು ಆಫೀಸಿನ ಮೂರು ಜನಕ್ಕೆ ಸಿಸಿ ಹಾಕಿದರೆ ಮೂರು ಪೆಟ್ಟಿಗೆಯಲ್ಲೂ ಒಂದೊಂದು ಪ್ರತಿ. ವೆಬ್‌ಸೈಟ್ ಮತ್ತು ಮೇಲ್ ಒಂದೇ ಪ್ಲಾನ್‌ನಲ್ಲಿದ್ದರೆ ಎರಡೂ ಸೇರಿ ಆ ಜಾಗ. ಅಲ್ಲಿ ಜಿಬಿ ಜೊತೆಗೆ ಫೈಲುಗಳ ಸಂಖ್ಯೆಗೂ ಒಂದು ಮಿತಿ ಇರುತ್ತದೆ. ಬಹಳ ಸರ್ವರ್‌ಗಳಲ್ಲಿ ಒಂದು ಮೇಲ್ ಅಂದರೆ ಒಂದು ಫೈಲ್. ಹತ್ತು ವರ್ಷದ ಸಣ್ಣ ಸಣ್ಣ ಮೇಲ್ ಇಟ್ಟುಕೊಂಡವರಿಗೆ ಜಾಗ ಇದ್ದೂ ಸಂಖ್ಯೆ ಮುಗಿದುಹೋಗುವುದುಂಟು.

ಪೆಟ್ಟಿಗೆ ತುಂಬಿದಾಗ ಆಗುವ ನಿಜವಾದ ತೊಂದರೆ ನಿಮಗೆ ಕಾಣೋದೇ ಇಲ್ಲ. ಬೀದರಿನಲ್ಲಿ ನನಗೆ ಗೊತ್ತಿರುವ ಒಬ್ಬರದು ಬಿದ್ರಿ ಸಾಮಾನಿನ ಸಣ್ಣ ಅಂಗಡಿ. ಹೊರಗಿನ ಗಿರಾಕಿಗಳು "ಇಂಥ ಹೂದಾನಿ ಮಾಡಿಕೊಡ್ತೀರಾ" ಅಂತ ಫೋನಿನಲ್ಲಿ ತೆಗೆದ ಫೋಟೋ ಹಚ್ಚಿ ಮೇಲ್ ಮಾಡುತ್ತಾರೆ. ಒಂದೊಂದು ಫೋಟೋ 5-6 ಎಂಬಿ. 1 ಜಿಬಿಯ ಪೆಟ್ಟಿಗೆ ಯಾವಾಗ ತುಂಬಿತೋ ಅವರಿಗೆ ಗೊತ್ತಾಗಲೇ ಇಲ್ಲ. ಮೇಲ್ ಬರೋದು ನಿಂತಿತ್ತು, ಅಷ್ಟೇ. ವ್ಯಾಪಾರ ಮಂದ ಇದೆ ಅಂದುಕೊಂಡರು. 552 ಅಂತ ನಂಬರ್ ಇರುವ "ಮೇಲ್‌ಬಾಕ್ಸ್ ತುಂಬಿದೆ" ಅನ್ನುವ ಚೀಟಿ ಹೋಗುತ್ತಿದ್ದದ್ದು ಕಳಿಸಿದವರಿಗೆ, ಇವರಿಗಲ್ಲ. ಒಬ್ಬ ಗಿರಾಕಿ ಫೋನ್ ಮಾಡಿ "ನಿಮ್ಮ ಅಂಗಡಿ ಮುಚ್ಚೀರೇನು?" ಅಂತ ಕೇಳಿದ ಮೇಲೆ ವಿಷಯ ಹೊರಬಿತ್ತು. ಈಗ ಪೆಟ್ಟಿಗೆ ಮುಕ್ಕಾಲು ತುಂಬಿದಾಗ ಎಚ್ಚರಿಕೆ ಬರುವ ಹಾಗೆ ಮಾಡಿಕೊಟ್ಟಿದ್ದೀನಿ. ಸೆಟ್ಟಿಂಗ್‌ನಲ್ಲಿ ಇದು ಇರುತ್ತದೆ, ಯಾರೂ ನೋಡಿರಲ್ಲ.

ಸೌಲಭ್ಯಗಳ ಪಟ್ಟಿಯಲ್ಲಿ ನಾನು ಮೊದಲು ಹುಡುಕೋದು ಐಮ್ಯಾಪ್ ಅನ್ನುವ ಪದ. ಪಾಪ್ ಮತ್ತು ಐಮ್ಯಾಪ್, ಮೇಲ್ ಓದುವ ಎರಡು ದಾರಿ. ಐಮ್ಯಾಪ್‌ನಲ್ಲಿ ಮೇಲ್ ಸರ್ವರ್‌ನಲ್ಲೇ ಇರುತ್ತದೆ, ಫೋನು, ಕಂಪ್ಯೂಟರ್ ಎಲ್ಲ ಕಡೆ ಅದೇ ಕಾಣುತ್ತದೆ. ಪಾಪ್‌ನಲ್ಲಿ ಮೇಲ್ ನಿಮ್ಮ ಕಂಪ್ಯೂಟರ್‌ಗೆ ಇಳಿಯುತ್ತದೆ, ಸರ್ವರ್‌ನಲ್ಲಿ ಪ್ರತಿ ಉಳಿಸು ಅಂತ ಟಿಕ್ ಹಾಕಿರದಿದ್ದರೆ ಅಲ್ಲಿಂದ ಹೋಗಿಬಿಡುತ್ತದೆ. ಸೂಪರ್ ಮಾರ್ಕೆಟ್ ಕಡೆಯ ಒಂದು ಬಟ್ಟೆ ಅಂಗಡಿಯಲ್ಲಿ ಹೀಗೇ ಆಯ್ತು. ಹೊಸದಾಗಿ ಬಂದ ಹುಡುಗ ಕೌಂಟರ್‌ನ ಕಂಪ್ಯೂಟರ್‌ನಲ್ಲಿ ಪಾಪ್ ಹಾಕಿದ. ಮಾಲೀಕರು ಮನೆಯಲ್ಲಿ ಊಟಕ್ಕೆ ಕೂತವರು ಫೋನ್ ನೋಡಿದರೆ ಇನ್‌ಬಾಕ್ಸ್ ಖಾಲಿ. ಮೂರು ವರ್ಷದ ಮೇಲ್. ಕೈಯಲ್ಲಿನ ರೊಟ್ಟಿ ಹಾಗೇ ಬಿಟ್ಟು ಓಡಿ ಬಂದರು. ಎಲ್ಲ ಕೌಂಟರ್‌ನ ಕಂಪ್ಯೂಟರ್‌ನಲ್ಲಿ ಇದ್ದವು, ವಾಪಸ್ ಏರಿಸಿದೆವು. ಆ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್ ಅದೇ ವಾರ ಕೆಟ್ಟಿದ್ದರೆ ಏನಾಗುತ್ತಿತ್ತೋ.

ಉಚಿತ ಪ್ಲಾನ್‌ಗಳಲ್ಲಿ ಈ ಎರಡೂ ದಾರಿ ಇಲ್ಲದಿರಬಹುದು. ಚೆನ್ನೈನ ಜೋಹೊ ಕಂಪನಿಯ ಉಚಿತ ಮೇಲ್ ಪ್ಲಾನ್‌ನಲ್ಲಿ ಸ್ವಂತ ಡೊಮೇನಿಗೆ 5 ಜನ, ಒಬ್ಬೊಬ್ಬರಿಗೆ 5 ಜಿಬಿ. ಆದರೆ ಬ್ರೌಸರ್ ಇಲ್ಲವೇ ಅವರದೇ ಆ್ಯಪ್‌ನಲ್ಲಿ ನೋಡಬೇಕು. ಔಟ್‌ಲುಕ್, ಥಂಡರ್‌ಬರ್ಡ್‌ನಂಥ ಮೇಲ್ ಸಾಫ್ಟ್‌ವೇರ್ ಬೇಕು ಅನ್ನುವವರು ದುಡ್ಡಿನ ಪ್ಲಾನ್‌ಗೆ ಹೋಗಬೇಕು. ಮೂರು ಜನರ ಸಣ್ಣ ಅಂಗಡಿಗೆ ಅದು ಧಾರಾಳ ಸಾಕು ಅಂತ ನನ್ನ ಅಭಿಪ್ರಾಯ. ಯಾದಗಿರಿಯ ಒಬ್ಬ ಬೀಜ-ಗೊಬ್ಬರದ ವ್ಯಾಪಾರಿಗೆ ಅದನ್ನೇ ಮಾಡಿಕೊಟ್ಟೆ. ಅವರು ಮೇಲ್ ನೋಡೋದು ಫೋನಿನಲ್ಲಿ ಮಾತ್ರ.

ದುಡ್ಡು ಉಳಿಸುವ ಜಾಗ ನಿಜವಾಗಿ ಬೇರೆ ಕಡೆ ಇದೆ. ಮೇಲ್‌ಗೆ ಬೆಲೆ ಕಟ್ಟೋದು ಸಾಮಾನ್ಯವಾಗಿ ಪೆಟ್ಟಿಗೆ ಲೆಕ್ಕದಲ್ಲಿ, ತಿಂಗಳಿಗೆ ಇಷ್ಟು ಅಂತ. ಸಾವ್ಕಾರರು ಸೇಲ್ಸ್, ಅಕೌಂಟ್ಸ್, ಇನ್ಫೋ, ಪರ್ಚೇಸ್ ಅಂತ ನಾಲ್ಕು ಪೆಟ್ಟಿಗೆ ಕೊಂಡಿದ್ದರು. ನಾಲ್ಕನ್ನೂ ಓದೋದು ಒಬ್ಬರೇ ಮುನೀಮರು! ಇದಕ್ಕೆ ಅಲಿಯಾಸ್ ಸಾಕು. ಒಂದೇ ಪೆಟ್ಟಿಗೆಗೆ ನಾಲ್ಕು ಹೆಸರು. ಮನೆಗೆ ಹಿಂದೊಂದು ಮುಂದೊಂದು ಬಾಗಿಲು ಇದ್ದ ಹಾಗೆ, ಒಳಗೆ ಮನೆ ಒಂದೇ. ಬಹಳ ಪ್ಲಾನ್‌ಗಳಲ್ಲಿ ಅಲಿಯಾಸ್‌ಗೆ ಬೇರೆ ದುಡ್ಡಿಲ್ಲ. ಒಂದು ವಿಳಾಸಕ್ಕೆ ಬಂದದ್ದು ಮೂರು ಜನಕ್ಕೆ ಹೋಗಬೇಕು ಅಂದರೆ ಗ್ರೂಪ್ ಮಾಡಿ, ಅದೂ ಸಾಮಾನ್ಯವಾಗಿ ಪುಕ್ಕಟೆ.

ನಮ್ಮ ಊರಿನವರಿಗೆ ಅಲಿಯಾಸ್ ಇನ್ನೊಂದು ಕಾರಣಕ್ಕೂ ಬೇಕು. 2014ರ ನವೆಂಬರ್ 1ಕ್ಕೆ ಗುಲ್ಬರ್ಗಾ ಕಲಬುರಗಿ ಆಯ್ತು. ಅದಕ್ಕೂ ಮೊದಲು ಡೊಮೇನ್ ಕೊಂಡವರ ಹೆಸರಿನಲ್ಲಿ ಗುಲ್ಬರ್ಗಾ ಇದೆ. ಚೀಲದ ಮೇಲೆ, ಬಿಲ್ ಬುಕ್ಕಿನ ಮೇಲೆ ಹಳೇ ವಿಳಾಸ ಅಚ್ಚಾಗಿದೆ. ಹೊಸ ಡೊಮೇನ್ ಕೊಂಡು ಹಳೆಯದನ್ನು ಡೊಮೇನ್ ಅಲಿಯಾಸ್ ಆಗಿ ಸೇರಿಸಿದರೆ ಎರಡಕ್ಕೂ ಬಂದ ಮೇಲ್ ಒಂದೇ ಕಡೆ ಸೇರುತ್ತದೆ. ಹಳೆಯದಕ್ಕೂ ವರ್ಷ ವರ್ಷ ದುಡ್ಡು ಕಟ್ಟುತ್ತಿರಬೇಕು, ಅದನ್ನು ಮರೆತರೆ ಬೇರೆ ಯಾರೋ ಕೊಂಡು ನಿಮ್ಮ ಹೆಸರಿನ ಮೇಲ್ ಓದುತ್ತಾ ಕೂರಬಹುದು.

ಫಾರ್ವರ್ಡ್ ಹಾಕಿ ಎಲ್ಲವನ್ನೂ ಜಿಮೇಲ್‌ಗೆ ಕಳಿಸಿಕೊಳ್ಳೋದು ಅಗ್ಗದ ಉಪಾಯ, ಬಹಳ ಜನ ಮಾಡ್ತಾರೆ. ನನಗೆ ಇಷ್ಟವಿಲ್ಲ. ಫಾರ್ವರ್ಡ್ ಆದ ಮೇಲ್ ಬೇರೆ ಲಾರಿಯಲ್ಲಿ ಬಂದ ಹಾಗೆ. ಬೋರ್ಡಿನಲ್ಲಿ ಬರೆದ ನಂಬರ್‌ಗೆ ತಾಳೆಯಾಗಲ್ಲ, ಎಸ್‌ಪಿಎಫ್ ತಪ್ಪುತ್ತದೆ. ಒಮ್ಮೆ ಬರುತ್ತದೆ, ಒಮ್ಮೆ ಬರಲ್ಲ. ನಿಮ್ಮ ಡೊಮೇನಿಗೆ ಬಂದ ಸ್ಪ್ಯಾಮ್ ಕೂಡ ನಿಮ್ಮ ಸರ್ವರ್‌ನಿಂದಲೇ ಜಿಮೇಲ್‌ಗೆ ಹೋಗುತ್ತದೆ, ಹೆಸರು ಕೆಡೋದು ನಿಮ್ಮದೇ.

ಬೆಲೆ ಬಗ್ಗೆ ಎರಡೇ ಮಾತು. ಮೊದಲ ವರ್ಷದ ಬೆಲೆ ನೋಡಬೇಡಿ, ನವೀಕರಣದ ಬೆಲೆ ಕೇಳಿ. ಅದರ ಮೇಲೆ ಜಿಎಸ್‌ಟಿ 18 ಪರ್ಸೆಂಟ್ ಸೇರಿಸಿ. ಮತ್ತೆ ಡೊಮೇನ್ ನಿಮ್ಮ ಹೆಸರಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ಇದೆಯಾ ನೋಡಿ. ನನ್ನ ಗಿರಾಕಿ ಒಬ್ಬರದು ವೆಬ್‌ಸೈಟ್ ಮಾಡಿಕೊಟ್ಟವನ ಹೆಸರಲ್ಲಿತ್ತು. ಅವನು ಊರು ಬಿಟ್ಟ, ಫೋನ್ ಬದಲಿಸಿದ. ಡೊಮೇನ್ ಅವಧಿ ಮುಗಿದ ದಿನ ವೆಬ್‌ಸೈಟೂ ಹೋಯ್ತು, ಮೇಲೂ ಹೋಯ್ತು. ಅದನ್ನು ಬಿಡಿಸಿಕೊಳ್ಳೋಕೆ ಪಟ್ಟ ಪಾಡು ಬೇಡ.

ಇನ್ನು 'ಅನ್‌ಲಿಮಿಟೆಡ್' ಅನ್ನುವ ಪದ. ಮೊನ್ನೆ ಒಂದು ಪ್ಲಾನ್ ವಿಚಾರಿಸೋಕೆ ಫೋನ್ ಮಾಡಿದ್ದೆ.

"ತಾಸಿಗೆ ಎಷ್ಟು ಮೇಲ್ ಕಳಿಸಬಹುದು?"

"ಅನ್‌ಲಿಮಿಟೆಡ್ ಸರ್."

"ಸರಿ, ನಾನು ಈಗ 400 ಕಳಿಸಿದರೆ ಹೋಗುತ್ತಾ?"

"ಒಂದ್ನಿಮಿಷ ಸರ್." ಐದು ನಿಮಿಷ ಹಾಡು ಕೇಳಿದೆ. "ಸರ್, ಅದಕ್ಕೆ ಫೇರ್ ಯೂಸೇಜ್ ಪಾಲಿಸಿ ಇದೆ. ತಾಸಿಗೆ 150."

ಮದುವೆ ಊಟದಲ್ಲಿ ಬೇಕಾದಷ್ಟು ಬಡಿಸ್ತಾರೆ, ಆದರೆ ಡಬ್ಬಿ ಕಟ್ಟಿಕೊಂಡು ಹೋಗೋಕೆ ಬಿಡಲ್ಲ, ಅಷ್ಟೇ ವಿಷಯ. ಸುಮ್ನೆ ಪದ ನಂಬದೆ ಅಂಕಿ ಕೇಳಬೇಕು. ಫೋನಿನಲ್ಲಿ ಹೇಳಿದ್ದನ್ನು ಮೇಲ್‌ನಲ್ಲಿ ಬರೆದು ಕಳಿಸಿ ಅನ್ನಬೇಕು. ಮೇಲ್ ಮಾರುವವರು ಮೇಲ್ ಕಳಿಸೋಕೆ ಹಿಂದೆ ಮುಂದೆ ನೋಡಿದರೆ ಅಲ್ಲೇ ಉತ್ತರ ಸಿಕ್ಕ ಹಾಗೆ.

ಆ ಮಾರ್ಚ್ ಸಂಜೆಗೆ ವಾಪಸ್ ಬರ್ತೀನಿ. ದೊಡ್ಡ ಪ್ಲಾನ್ ತಗೊಳ್ಳೋಣವಾ ಅಂತ ಸಾವ್ಕಾರರು ಕೇಳಿದರು. ಬೇಡ ಅಂದೆ. ವರ್ಷಕ್ಕೆ ಒಂದು ದಿನ 380 ಕಳಿಸೋಕೆ ಹನ್ನೆರಡು ತಿಂಗಳು ಜಾಸ್ತಿ ಬಾಡಿಗೆ ಯಾಕೆ? ಪಾರ್ಟಿಗಳ ಪಟ್ಟಿಯನ್ನು ಮುನೀಮರ ಜೊತೆ ಕೂತು ತುಂಡು ಮಾಡಿದೆ. ನೂರು ಹೋಗಿದ್ದವು, 280 ಉಳಿದಿದ್ದವು. ತಾಸಿಗೆ 70ರಂತೆ ನಾಲ್ಕು ಸರದಿ. ಪೂರಾ ನೂರು ಇಡಲಿಲ್ಲ, ನಡುವೆ ಸಾವ್ಕಾರರ ಮೇಲ್ ಹೋಗೋಕೆ ಜಾಗ ಬೇಕಲ್ಲ. ಆರು ಗಂಟೆಗೆ ಮೊದಲ 70, ಏಳಕ್ಕೆ ಇನ್ನೊಂದು 70. ಮುನೀಮರು ಸರದಿ ಮುಗಿದಾಗಲೆಲ್ಲ ಪಟ್ಟಿಯಲ್ಲಿ ಹಸಿರು ಪೆನ್ನಿನಿಂದ ಗೆರೆ ಎಳೆದರು. ನಡುವೆ ಎರಡು ಸಲ ಚಹಾ, ಒಂದು ಸಲ ಮಿರ್ಚಿ ಬಂತು. ಒಂಬತ್ತಕ್ಕೆ ಕೊನೆಯ ಸರದಿ ಒತ್ತಿದಾಗ ಮೊದಲ ಉತ್ತರ ಆಗಲೇ ಬಂದಿತ್ತು, ಸೇಡಂ ಕಡೆಯ ಒಂದು ಪಾರ್ಟಿಯಿಂದ: ಬಾಕಿ ಸರಿ ಇಲ್ಲ, 4,200 ರೂಪಾಯಿ ವ್ಯತ್ಯಾಸ ಇದೆ.